ಡಲ್ಲಾಸ್ ಸುತ್ತಲಿನ ಐದು ಲೇಕ್‌ಗಳು: ಟೆಂಟ್‌ಗೆ ಯಾವುದು, ಬೋಟಿಗೆ ಯಾವುದು, ಅಪ್ಪ ಅಮ್ಮನನ್ನು ಕರ್ಕೊಂಡು ಹೋಗೋಕೆ ಯಾವುದು?

ಮಾರ್ಚ್ ಬಂತೆಂದರೆ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್, ಕಪೆಲ್ ಕಡೆಯ ಕನ್ನಡದ ಮನೆಗಳಲ್ಲಿ ಕ್ಯಾಂಪಿಂಗ್ ಮಾತು ಶುರುವಾಗುತ್ತದೆ. ಎಲ್ಲಿಗೆ ಹೋಗೋಣ ಅಂದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಎಲ್ಲಿ ಟೆಂಟ್ ಹಾಕುವ ಸೈಟ್ ಖಾಲಿ ಇದೆಯೋ ಅಲ್ಲಿಗೆ. ಲೂಯಿಸ್‌ವಿಲ್, ಗ್ರೇಪ್‌ವೈನ್, ಲವಾನ್, ಜೋ ಪೂಲ್, ರೇ ರಾಬರ್ಟ್ಸ್, ಈ ಐದೂ ಮ್ಯಾಪಿನಲ್ಲಿ ಒಂದೇ ಥರ ಕಾಣುತ್ತವೆ, ನಿಜ. ಆದರೆ ಒಂದರಲ್ಲಿ ಮಕ್ಕಳು ದಿನವಿಡೀ ಮರಳಲ್ಲಿ ಆಡಬಹುದು, ಇನ್ನೊಂದರಲ್ಲಿ ನೀರಿಗೆ ಇಳಿಯೋಕೆ ಒಳ್ಳೆಯ ಜಾಗ ಹುಡುಕೋದೇ ಕಷ್ಟ. ಒಂದರಲ್ಲಿ ಬೋಟುಗಳ ಸದ್ದೇ ಸದ್ದು, ಇನ್ನೊಂದರಲ್ಲಿ ಬೆಳಗ್ಗೆ ಹಕ್ಕಿಗಳ ದನಿ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಜೊತೆಗೆ ಐದಕ್ಕೂ ಸೇರಿದ ಒಂದು ಸಂಗತಿ ಇದೆ. ಅದು ಗೊತ್ತಿಲ್ಲದೆ ಬುಕ್ ಮಾಡಿದರೆ, ಹೋಗುವ ದಿನ ಬರುವಷ್ಟರಲ್ಲಿ ನಿಮ್ಮ ಸೈಟ್ ನೀರಿನ ಕೆಳಗಿರಬಹುದು.

ಪ್ರವಾಹ ತಡೆಯೋಕೆ ಕಟ್ಟಿದ ಲೇಕ್‌ಗಳು

1908ರ ಮೇ ತಿಂಗಳಲ್ಲಿ ಡಲ್ಲಾಸ್‌ನಲ್ಲಿ ಟ್ರಿನಿಟಿ ನದಿ 52.6 ಅಡಿ ಏರಿತ್ತು. ಸಾವಿರಾರು ಜನ ಮನೆ ಕಳೆದುಕೊಂಡರು. ಆಮೇಲೂ ನದಿ ಸುಮ್ಮನಿರಲಿಲ್ಲ. ಕೊನೆಗೆ 1945ರಲ್ಲಿ ಅಮೆರಿಕದ ಸಂಸತ್ತು ಟ್ರಿನಿಟಿಯ ಉಪನದಿಗಳಿಗೆ ಅಣೆಕಟ್ಟು ಕಟ್ಟಲು ಒಪ್ಪಿಗೆ ಕೊಟ್ಟಿತು. ಕಟ್ಟಿದ್ದು ಆರ್ಮಿ ಕೋರ್ ಆಫ್ ಇಂಜಿನಿಯರ್ಸ್, ಅಂದರೆ ಸೈನ್ಯದ ಇಂಜಿನಿಯರಿಂಗ್ ವಿಭಾಗ. ಗ್ರೇಪ್‌ವೈನ್, ಲವಾನ್, ಲೂಯಿಸ್‌ವಿಲ್ 1950ರ ದಶಕದವು. ಜೋ ಪೂಲ್ ಮತ್ತು ರೇ ರಾಬರ್ಟ್ಸ್ 1980ರ ದಶಕದವು.

ಇಲ್ಲಿನ ಪ್ರತಿ ಲೇಕ್‌ಗೂ ಎರಡು ಮಟ್ಟ ಇರುತ್ತದೆ. ಒಂದು ಮಾಮೂಲಿ ಮಟ್ಟ. ಅಲ್ಲಿವರೆಗಿನ ನೀರು ಕುಡಿಯೋಕೆ, ಬಳಸೋಕೆ. ಅದರ ಮೇಲಿನ ಜಾಗವನ್ನು ಬೇಕಂತಲೇ ಖಾಲಿ ಬಿಟ್ಟಿರುತ್ತಾರೆ. ದೊಡ್ಡ ಮಳೆ ಬಂದಾಗ ನೀರನ್ನು ಅಲ್ಲಿ ಹಿಡಿದಿಟ್ಟು, ಕೆಳಗಿನ ನದಿ ತಾಳಿಕೊಳ್ಳುವಷ್ಟೇ ನಿಧಾನವಾಗಿ ಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ಮನೆ ಕಟ್ಟೋ ಹಾಗಿಲ್ಲ. ಹಾಗಾಗಿಯೇ ಅಲ್ಲಿ ಹುಲ್ಲು, ಮರ, ಟ್ರೇಲ್, ಪಿಕ್ನಿಕ್ ಟೇಬಲ್ ಉಳಿದುಕೊಂಡಿವೆ. ಕೋಟಿಗಟ್ಟಲೆ ಬೆಲೆಬಾಳುವ ಊರಿನ ನಡುವೆ ಇಷ್ಟೊಂದು ದಡ ಎಲ್ಲರಿಗೂ ತೆರೆದಿದೆ ಅಂದರೆ ಅದಕ್ಕೆ ಪ್ರವಾಹವೇ ಕಾರಣ.

ನಮ್ಮ ಕೆಆರ್‌ಎಸ್ 124.80 ಅಡಿ ಮುಟ್ಟಿದರೆ ಬಾಗಿನ ಕೊಡುತ್ತೇವೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಇಲ್ಲಿ ಲೆಕ್ಕ ಉಲ್ಟಾ. ಮಾಮೂಲಿ ಮಟ್ಟದ ಮೇಲೆ ನೀರು ಏರಿದಷ್ಟೂ ಪಾರ್ಕುಗಳು ಒಂದೊಂದಾಗಿ ಮುಚ್ಚುತ್ತವೆ.

ಎಷ್ಟು ಏರಬಹುದು ಅನ್ನೋದು ಲೇಕ್‌ನಿಂದ ಲೇಕ್‌ಗೆ ಬೇರೆ. ರೇ ರಾಬರ್ಟ್ಸ್‌ನ ಮಾಮೂಲಿ ಮಟ್ಟ ಸಮುದ್ರಮಟ್ಟದಿಂದ 632.5 ಅಡಿ, ಪ್ರವಾಹದ ಮಟ್ಟ 640.5. ಅಂದರೆ 8 ಅಡಿ. ಲೂಯಿಸ್‌ವಿಲ್ 522ರಿಂದ 532, ಅಂದರೆ 10 ಅಡಿ. ಲವಾನ್ 492ರಿಂದ 503.5. ಜೋ ಪೂಲ್ 522ರಿಂದ 536. ಗ್ರೇಪ್‌ವೈನ್ 535ರಿಂದ 560, ಪೂರಾ 25 ಅಡಿ! ಈ ಸಂಖ್ಯೆಗಳನ್ನು ಬುಕಿಂಗ್ ವೆಬ್‌ಸೈಟುಗಳು ಎದ್ದು ಕಾಣುವಂತೆ ಹಾಕುವುದಿಲ್ಲ. ನನ್ನ ಪ್ರಕಾರ ಬಾಡಿಗೆಗಿಂತ ಮೊದಲು ನೋಡಬೇಕಾದ್ದು ಇವನ್ನೇ.

2015ರ ಮೇ ಟೆಕ್ಸಸ್‌ನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯಾದ ತಿಂಗಳು. ಆಗ ಗ್ರೇಪ್‌ವೈನ್ ಆ 25 ಅಡಿಯನ್ನೂ ತುಂಬಿಕೊಂಡು ಕೋಡಿ ಹರಿಯಿತು. ಆ ಬೇಸಿಗೆಯಲ್ಲಿ ಸುತ್ತಲಿನ ಎಷ್ಟೋ ಪಾರ್ಕುಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ಮಳೆ ನಿಂತು ಬಿಸಿಲು ಸುಡುತ್ತಿದ್ದರೂ ನೀರು ಇಳಿದಿರಲಿಲ್ಲ. ಕೆಳಗಿನ ಊರುಗಳನ್ನು ಕಾಪಾಡಬೇಕಿದ್ದರೆ ನೀರನ್ನು ನಿಧಾನವಾಗಿಯೇ ಬಿಡಬೇಕು. ಅದಕ್ಕೇ ಹೇಳೋದು, ಆಕಾಶ ನೋಡಿ ಹೊರಡಬೇಡಿ, ಲೆವೆಲ್ ನೋಡಿ ಹೊರಡಿ. "ವಾಟರ್ ಡೇಟಾ ಫಾರ್ ಟೆಕ್ಸಸ್" ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಪ್ರತಿ ಲೇಕ್‌ನ ಇವತ್ತಿನ ಮಟ್ಟ ಸಿಗುತ್ತದೆ. ಮಾಮೂಲಿಗಿಂತ ಎರಡು ಮೂರು ಅಡಿ ಜಾಸ್ತಿ ಇದ್ದರೆ ದುಡ್ಡು ಕಟ್ಟುವ ಮೊದಲು ಪಾರ್ಕ್ ಆಫೀಸಿಗೆ ಒಂದು ಫೋನ್ ಮಾಡಿ.

ಯಾರ ಪಾರ್ಕು ಅನ್ನೋದೂ ಮುಖ್ಯ

ಒಂದೇ ಲೇಕ್‌ನ ದಡದಲ್ಲಿ ಮೂರು ಥರದ ಪಾರ್ಕು ಇರಬಹುದು. ಕೋರ್‌ನವರೇ ನಡೆಸುವವು ಸರಳ, ಅಗ್ಗ, ಸಾಮಾನ್ಯವಾಗಿ ಸ್ವಚ್ಛ. ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಎರಡನೆಯದು ಸ್ಟೇಟ್ ಪಾರ್ಕು. ಇಲ್ಲಿ ಸೈಟ್ ಬಾಡಿಗೆ ಅಲ್ಲದೆ ತಲೆಗಿಷ್ಟು ಪ್ರವೇಶ ಶುಲ್ಕ, 12 ವರ್ಷದವರೆಗಿನ ಮಕ್ಕಳಿಗೆ ಇಲ್ಲ. ಮೂರನೆಯದು ಊರಿನ ನಗರಸಭೆ ನಡೆಸುವ ಪಾರ್ಕು. ಕ್ಯಾಬಿನ್, ಎಸಿ, ಒಳ್ಳೆ ಬಾತ್‌ರೂಮ್ ಇರೋದು ಹೆಚ್ಚಾಗಿ ಇವುಗಳಲ್ಲೇ. ದುಡ್ಡೂ ಜಾಸ್ತಿ. ಒಂದು ಕಡೆ ಸೈಟ್ ಸಿಗಲಿಲ್ಲ ಅಂತ ಆ ಲೇಕನ್ನೇ ಕೈಬಿಡಬೇಡಿ. ಬೇರೆಯವರ ಪಾರ್ಕು ಎದುರು ದಡದಲ್ಲೇ ಇರಬಹುದು.

ರೇ ರಾಬರ್ಟ್ಸ್: ಮೊದಲ ಸಲ ಟೆಂಟ್ ಹಾಕುವವರಿಗೆ

ಮೊದಲ ಸಲ ಕ್ಯಾಂಪಿಂಗ್, ಜೊತೆಗೆ ಚಿಕ್ಕ ಮಕ್ಕಳು. ಹೀಗಿದ್ದರೆ ನಾನು ಎರಡು ಮಾತಿಲ್ಲದೆ ಹೇಳೋದು ರೇ ರಾಬರ್ಟ್ಸ್. ಡೆಂಟನ್‌ನಿಂದ ಉತ್ತರಕ್ಕಿದೆ. ಸುಮಾರು 29,000 ಎಕರೆ ನೀರು. ಇಲ್ಲಿನ ಸ್ಟೇಟ್ ಪಾರ್ಕಿನಲ್ಲಿ ಎರಡು ಮುಖ್ಯ ಭಾಗ. ಪೈಲಟ್ ಪಾಯಿಂಟ್ ಕಡೆಯ ಐಲ್ ಡು ಬಾಯ್ಸ್ ಮತ್ತು ಉತ್ತರ ದಡದ ಜಾನ್ಸನ್ ಬ್ರಾಂಚ್.

ಐಲ್ ಡು ಬಾಯ್ಸ್‌ನಲ್ಲಿ ಎಲ್ಲವೂ ಕೈಗೆಟುಕುವಂತಿದೆ. ಮರಳಿನ ದಡ, ಮಕ್ಕಳ ಆಟದ ಜಾಗ, ಟಾರ್ ಹಾಕಿದ ನಡೆಯುವ ದಾರಿ. ಸ್ಟ್ರಾಲರ್ ತಳ್ಳಿಕೊಂಡು ಮರಗಳ ನೆರಳಲ್ಲೇ ಹೋಗಬಹುದು. ಓಕ್ ಮರಗಳು ಜಾಸ್ತಿ ಇರುವುದರಿಂದ ಸೈಟುಗಳು ಒಂದಕ್ಕೊಂದು ಕಾಣುವುದು ಕಡಿಮೆ. ಕಾರಿಂದ ಇಳಿದು ಸಾಮಾನು ಹೊತ್ತು ನಡೆಯಬೇಕಾದ ಸೈಟುಗಳೂ ಇವೆ. ಬುಕ್ ಮಾಡುವಾಗ "ವಾಕ್ ಇನ್" ಅಂತ ಬರೆದಿದ್ದರೆ ಅದೇ ಅರ್ಥ. ಕೂಲರ್, ಗ್ಯಾಸ್ ಸ್ಟವ್, ಕುಕ್ಕರ್, ಚಾಪೆ, ಹತ್ತು ಲೀಟರ್ ನೀರು ಎಲ್ಲ ಹೊತ್ತುಕೊಂಡು ಹೋಗುವ ನಮ್ಮಂಥವರಿಗೆ ಅದು ಬೇಡ. ನೀರು, ಕರೆಂಟ್ ಎರಡೂ ಇರುವ ಸೈಟ್ ತಗೊಳ್ಳಿ. ರಾತ್ರಿ ಸೆಕೆ ಇದ್ದಾಗ ಒಂದು ಟೇಬಲ್ ಫ್ಯಾನ್ ಇದ್ದರೆ ಮಕ್ಕಳು ಮಲಗುತ್ತವೆ. ಫ್ಯಾನ್ ಇಲ್ಲದೆ ಜೂನ್ ರಾತ್ರಿ ಕಳೆಯೋದು ಕಷ್ಟ.

ಜಾನ್ಸನ್ ಬ್ರಾಂಚ್ ಇನ್ನೂ ಶಾಂತ. ಗೆಳೆಯರ ಮನೆಗಳೆಲ್ಲ ಸೇರಿ ಗಲಾಟೆ ಮಾಡಬೇಕು ಅಂತಿದ್ದರೆ ಅಲ್ಲಿಗೆ ಹೋಗಬೇಡಿ. ಓದಿಕೊಂಡು, ಮೀನು ಹಿಡಿದುಕೊಂಡು ಇರೋದಾದರೆ ಹೋಗಿ. ಟೆಕ್ಸಸ್ ಸ್ಟೇಟ್ ಪಾರ್ಕುಗಳಲ್ಲಿ ದಡದಿಂದ ಮೀನು ಹಿಡಿಯೋಕೆ ಲೈಸೆನ್ಸ್ ಬೇಡ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಕ್ಕಳ ಕೈಗೆ ಗಾಳ ಕೊಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಪಾರ್ಕಿನ ಮೂರನೇ ಭಾಗ ಗ್ರೀನ್‌ಬೆಲ್ಟ್. ರೇ ರಾಬರ್ಟ್ಸ್ ಅಣೆಕಟ್ಟಿನಿಂದ ಹೊರಟ ನೀರು ಎಲ್ಮ್ ಫೋರ್ಕ್ ನದಿಯಾಗಿ ಲೂಯಿಸ್‌ವಿಲ್ ಲೇಕ್ ಸೇರುವವರೆಗೆ ನದಿಯ ಪಕ್ಕದಲ್ಲೇ ಈ ಕಾಡಿನ ಪಟ್ಟಿ. ನಡೆಯೋಕೆ, ಸೈಕಲ್‌ಗೆ, ಕಯಾಕ್‌ಗೆ (ಹುಟ್ಟು ಹಾಕುವ ಚಿಕ್ಕ ದೋಣಿ) ಚೆನ್ನ. ಆದರೆ ನದಿ ಉಕ್ಕಿದಾಗ ಮೊದಲು ಹಾಳಾಗುವುದು ಇದೇ. ಯಾವ ಭಾಗ ತೆರೆದಿದೆ ಅಂತ ನೋಡಿಯೇ ಹೋಗಿ.

ಎರಡು ಎಚ್ಚರಿಕೆ. ಈ ಲೇಕ್‌ನ ಕೆಲವು ಕಡೆ ಮುಳುಗಿದ ಮರಗಳು ಹಾಗೇ ನಿಂತಿವೆ, ಬೋಟ್ ಓಡಿಸುವವರು ಗುರುತು ಹಾಕಿದ ದಾರಿ ಬಿಟ್ಟು ವೇಗವಾಗಿ ಹೋಗಬಾರದು. ಇನ್ನೊಂದು, 2012ರಿಂದ ಇಲ್ಲಿ ಜೀಬ್ರಾ ಮಸಲ್ ಸೇರಿಕೊಂಡಿದೆ. ಕಡಲೆಕಾಳಿನಷ್ಟು ಚಿಕ್ಕ, ಪಟ್ಟೆ ಪಟ್ಟೆಯ ಚಿಪ್ಪು. ಕಲ್ಲಿಗೆ, ಕಟ್ಟಿಗೆಗೆ, ಬೋಟಿನ ತಳಕ್ಕೆ ಗೊಂಚಲು ಗೊಂಚಲಾಗಿ ಅಂಟಿರುತ್ತದೆ. ಅಂಚು ಬ್ಲೇಡಿನಂತೆ. ಬರಿಗಾಲಲ್ಲಿ ಇಳಿದರೆ ಪಾದ ಸೀಳುತ್ತದೆ. ಮಕ್ಕಳಿಗೆ ನೀರಲ್ಲಿ ಹಾಕುವ ಶೂ ಕೊಂಡುಕೊಳ್ಳಿ, ಚಪ್ಪಲಿ ಸಾಲದು.

ಗ್ರೇಪ್‌ವೈನ್: ಒಂದು ದಿನದ ಓಡಾಟಕ್ಕೆ, ಊರಿಂದ ಬಂದವರಿಗೆ

ಅರ್ವಿಂಗ್, ಕಪೆಲ್, ಫ್ಲವರ್ ಮೌಂಡ್‌ನವರಿಗೆ ಇದು ಮನೆ ಹಿಂದಿನ ಲೇಕ್. ಏರ್‌ಪೋರ್ಟಿನ ಪಕ್ಕದಲ್ಲೇ ಇದೆ. ಚಿಕ್ಕದು, ಸುಮಾರು 7,000 ಎಕರೆ. ಚಿಕ್ಕದಾದರೂ ದಡ ಚೆನ್ನಾಗಿದೆ. ಅಣೆಕಟ್ಟಿನ ಹತ್ತಿರದ ರಾಕ್‌ಲೆಡ್ಜ್ ಪಾರ್ಕಿನಲ್ಲಿ ಬಂಡೆಗಳ ಅಂಚಿಗೇ ಹೋಗಿ ಕೂರಬಹುದು. ಅಲ್ಲಿಂದಲೇ ನಾರ್ತ್‌ಶೋರ್ ಟ್ರೇಲ್ ಶುರು. ಸೈಕಲ್ ಸವಾರರ ನೆಚ್ಚಿನ ದಾರಿ, ನಡೆಯುವವರೂ ಹೋಗಬಹುದು.

ಈ ಟ್ರೇಲ್‌ನಲ್ಲಿ ನಡೆಯುವಾಗ ಮರಗಳನ್ನು ಗಮನಿಸಿ. ಹಳೇ ಪ್ರವಾಹದ ಗುರುತು ಸಿಗುತ್ತದೆ. ಒಣಗಿದ ರೆಂಬೆ, ಜೊಂಡು, ಪ್ಲಾಸ್ಟಿಕ್ ಬಾಟಲಿ ಎಲ್ಲ ಸೇರಿ ದಡದಿಂದ ಎಷ್ಟೋ ದೂರದಲ್ಲಿ ಒಂದೇ ಎತ್ತರಕ್ಕೆ ಸಾಲಾಗಿ ಬಿದ್ದಿರುತ್ತವೆ. ನೀರು ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ. ನಿಂತು ಆ ಸಾಲನ್ನೂ ಕೆಳಗಿನ ನೀರನ್ನೂ ಒಮ್ಮೆ ನೋಡಿದರೆ 25 ಅಡಿ ಅನ್ನೋ ಸಂಖ್ಯೆ ಚೆನ್ನಾಗಿ ತಲೆಗೆ ಹೋಗುತ್ತದೆ.

ಊರಿಂದ ಬಂದ ಅಪ್ಪ ಅಮ್ಮನಿಗೆ ಟೆಂಟಲ್ಲಿ ಮಲಗೋದು ಆಗದ ಮಾತು. ನೆಲದಿಂದ ಏಳೋಕೆ ಮಂಡಿ ಬಿಡೋದಿಲ್ಲ, ರಾತ್ರಿ ಬಾತ್‌ರೂಮ್ ದೂರ. ಅಂಥವರಿಗೆ ಗ್ರೇಪ್‌ವೈನ್ ನಗರಸಭೆಯ ದಿ ವಿನ್‌ಯಾರ್ಡ್ಸ್ ಕ್ಯಾಂಪ್‌ಗ್ರೌಂಡ್ ಅಥವಾ ಫ್ಲವರ್ ಮೌಂಡ್‌ನ ಟ್ವಿನ್ ಕೋವ್ಸ್ ಪಾರ್ಕಿನ ಕ್ಯಾಬಿನ್ ಸರಿ. ಅವರಿಗೆ ಒಳಗೆ ಮಂಚ, ಮಕ್ಕಳಿಗೆ ಹೊರಗೆ ಬೆಂಕಿ. ಬೆಳಗ್ಗೆ ಎಲ್ಲರೂ ಸೇರಿ ಕಾಫಿ ಕುಡಿಯಬಹುದು. ಬಾಡಿಗೆ ಹೋಟೆಲಿನಷ್ಟೇ ಆಗುತ್ತದೆ, ಆದರೂ ಅಜ್ಜಿ ತಾತ ಜೊತೆಗಿದ್ದರೆ ಕೊಡೋಕೆ ಯೋಗ್ಯ.

ಇದಕ್ಕೆ ತೀರಾ ವಿರುದ್ಧ ಅಂದರೆ ಮರ್ರೆಲ್ ಪಾರ್ಕ್. ಅದೇ ಲೇಕ್‌ನ ಉತ್ತರ ದಡ, ಕೋರ್‌ನದು. ಟೆಂಟ್ ಮಾತ್ರ. ಕರೆಂಟ್ ಇಲ್ಲ, ಸ್ನಾನದ ಮನೆ ಇಲ್ಲ. ಕಾಲೇಜು ಹುಡುಗರಿಗೆ, ಸೈಕಲ್‌ನವರಿಗೆ ಸಾಕು.

ಮಳೆಗಾಲದ ತಿಂಗಳುಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಗ್ರೇಪ್‌ವೈನ್ ಅನ್ನು ಬಹಳ ಮುಂಚೆ ಬುಕ್ ಮಾಡಬೇಡಿ ಅನ್ನೋದು ನನ್ನ ಸಲಹೆ. ಹಣ ವಾಪಸ್ ಸಿಗಬಹುದು, ಆದರೆ ರಜೆ ಹಾಕಿ, ಗೆಳೆಯರನ್ನು ಕರೆದು, ಮಕ್ಕಳಿಗೆ ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನೋದು ಬೇಡ.

ಲೂಯಿಸ್‌ವಿಲ್: ಬೋಟಿನವರ ಲೇಕ್

ನೀವು ಬೋಟ್ ಬಾಡಿಗೆಗೆ ತಗೊಂಡು ಗೆಳೆಯರ ಜೊತೆ ದಿನ ಕಳೆಯಬೇಕು ಅಂತಿದ್ದರೆ ಇದೇ. ಇದೂ ಸುಮಾರು 29,000 ಎಕರೆ. ಅಣೆಕಟ್ಟಿನ ಉದ್ದವೇ ಆರು ಮೈಲಿ. ಮರೀನಾಗಳು, ಅಂದರೆ ಬೋಟು ನಿಲ್ಲಿಸುವ ಜಾಗಗಳು, ಹಲವಿವೆ, ಪಾಂಟೂನ್ ಬೋಟು, ಜೆಟ್ ಸ್ಕೀ ಬಾಡಿಗೆಗೆ ಸಿಗುತ್ತವೆ. ಪಾಂಟೂನ್ ಅಂದರೆ ಸುತ್ತ ಸೋಫಾ ಇರುವ ಚಪ್ಪಟೆ ಬೋಟು. ಹತ್ತು ಜನ ಕೂತು ಚಿತ್ರಾನ್ನ ತಿನ್ನುತ್ತ ತೇಲಬಹುದು.

ಆದರೆ ಮೆಮೋರಿಯಲ್ ಡೇ, ಜುಲೈ 4 ಮತ್ತು ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಚಿಕ್ಕ ಮಕ್ಕಳನ್ನು ಇಲ್ಲಿಗೆ ಬೋಟಿಂಗ್‌ಗೆ ಕರ್ಕೊಂಡು ಹೋಗಬೇಡಿ. ಜನ ಜಾಸ್ತಿ, ವೇಗ ಜಾಸ್ತಿ, ಕುಡಿದು ಬೋಟ್ ಓಡಿಸುವವರೂ ಇರುತ್ತಾರೆ. ಅದೇ ಲೇಕ್ ಮಂಗಳವಾರ ಬೆಳಗ್ಗೆ ಬೇರೆಯದೇ ಥರ ಇರುತ್ತದೆ.

ಕ್ಯಾಂಪಿಂಗ್‌ಗೆ ಕೋರ್‌ನ ಹಿಕರಿ ಕ್ರೀಕ್ ಪಾರ್ಕ್, ಲೂಯಿಸ್‌ವಿಲ್ ನಗರದ ಲೇಕ್ ಪಾರ್ಕ್ ಇವೆ. ಮಕ್ಕಳಿಗೆ ಮರಳು ಬೇಕೆಂದರೆ ಲಿಟಲ್ ಎಲ್ಮ್ ಊರಿನ ಬೀಚ್ ಚೆನ್ನಾಗಿದೆ, ಫ್ರಿಸ್ಕೋಗೂ ಹತ್ತಿರ. ಗದ್ದಲ ಬೇಡ ಅನ್ನುವವರು ಅಣೆಕಟ್ಟಿನ ಕೆಳಗಿರುವ ಲೆಲಾಗೆ ಹೋಗಿ. ಲೂಯಿಸ್‌ವಿಲ್ ಲೇಕ್ ಎನ್ವಿರಾನ್‌ಮೆಂಟಲ್ ಲರ್ನಿಂಗ್ ಏರಿಯಾ ಅನ್ನೋದರ ಚಿಕ್ಕ ಹೆಸರು ಅದು. ಹುಲ್ಲುಗಾವಲು, ಕಾಡು, ಕಾಡೆಮ್ಮೆಗಳ ಚಿಕ್ಕ ಹಿಂಡು, ಎಲ್ಮ್ ಫೋರ್ಕ್ ನದಿಯಲ್ಲಿ ಕಯಾಕ್. ಮೇಲೆ ಅಷ್ಟೊಂದು ಸದ್ದು, ಕೆಳಗೆ ಇಷ್ಟು ಶಾಂತ ಅಂತ ಆಶ್ಚರ್ಯ ಆಗುತ್ತದೆ.

ಲವಾನ್: ನಿಮ್ಮ ನಲ್ಲಿಯ ನೀರು

ಪ್ಲೇನೋ, ಆಲನ್, ಮೆಕಿನ್ನಿ, ಫ್ರಿಸ್ಕೋಗಳ ಮನೆಗಳಿಗೆ ಕುಡಿಯುವ ನೀರಿನ ಮುಖ್ಯ ಆಸರೆಗಳಲ್ಲಿ ಲವಾನ್ ಒಂದು. ಇದನ್ನು ನೋಡೋಕೆ ಹೋಗುವ ಕನ್ನಡದವರು ಕಡಿಮೆ. ಕಾರಣವೂ ಇದೆ. ನೀರು ಮಣ್ಣಿನ ಬಣ್ಣ, ಕೆಲವು ಕಡೆ ಆಳ ಕಡಿಮೆ, ಬೊಡ್ಡೆಗಳು ಜಾಸ್ತಿ. ಬರ ಬಂದರೆ ನೀರು ಹಿಂದೆ ಸರಿದು ಬೋಟ್ ಇಳಿಸುವ ರ‍್ಯಾಂಪ್ ಮಣ್ಣಲ್ಲಿ ಕೊನೆಯಾಗುತ್ತದೆ. ಈಜಾಟವೇ ಮುಖ್ಯ ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಹೇಳೋದು ಶಾಂತಿ ಬೇಕಾದವರಿಗೆ. ಕೋರ್‌ನ ಈಸ್ಟ್ ಫೋರ್ಕ್, ಲವೋನಿಯಾ, ಕ್ಲಿಯರ್ ಲೇಕ್ ಪಾರ್ಕುಗಳಲ್ಲಿ ನೀರು, ಕರೆಂಟ್, ಸ್ನಾನದ ಮನೆ ಎಲ್ಲ ಇದೆ. ಬೇರೆ ಕಡೆ ವಾರಾಂತ್ಯ ತುಂಬಿಹೋದಾಗಲೂ ಇಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಶುಕ್ರವಾರ ಕೆಲಸ ಮುಗಿಸಿ ಹೊರಟರೂ ಕತ್ತಲಾಗುವ ಮೊದಲು ಟೆಂಟ್ ನಿಲ್ಲಿಸಬಹುದು, ಅಷ್ಟು ಹತ್ತಿರ. ದಡದುದ್ದಕ್ಕೂ ಟ್ರಿನಿಟಿ ಟ್ರೇಲ್ ಸುಮಾರು 25 ಮೈಲಿ. ಕುದುರೆ ಸವಾರರಿಗೆ, ನಡೆಯುವವರಿಗೆ ಮಾತ್ರ, ಸೈಕಲ್ ಬಿಡುವುದಿಲ್ಲ. ಕುದುರೆ ಎದುರಾದರೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿ, ಮಕ್ಕಳು ಕಿರುಚದಂತೆ ನೋಡಿಕೊಳ್ಳಿ. ಮೀನು ಹಿಡಿಯುವವರಿಗೂ ಲವಾನ್ ಇಷ್ಟ. ಕೋರ್ ಪಾರ್ಕು ಆದ್ದರಿಂದ ಇಲ್ಲಿ ದೊಡ್ಡವರಿಗೆ ಲೈಸೆನ್ಸ್ ಬೇಕೇ ಬೇಕು.

ಪಾತ್ರೆಯನ್ನು ದಡದಲ್ಲಿ ತೊಳೆಯಬೇಡಿ. ಕುಡಿಯುವ ನೀರಿನ ನಲ್ಲಿಯ ಕೆಳಗೂ ಬೇಡ. ಬಕೆಟ್ಟಿನಲ್ಲಿ ತೊಳೆದು, ಅದಕ್ಕೆಂದೇ ಇಟ್ಟ ಜಾಗದಲ್ಲಿ ಸುರಿಯಿರಿ. ಎಣ್ಣೆ, ಅನ್ನದಗುಳು ಎಲ್ಲ ಕೊನೆಗೆ ಸೇರೋದು ನಾವೇ ಕುಡಿಯುವ ನೀರಿಗೆ ಅಲ್ವಾ?

ಜೋ ಪೂಲ್: ದಕ್ಷಿಣದವರಿಗೆ, ದೊಡ್ಡ ಗುಂಪಿಗೆ

ಫ್ರಿಸ್ಕೋದಿಂದ ದೂರ, ಟ್ರಾಫಿಕ್ ದಾಟಿ ಹೋಗಬೇಕು. ಆರ್ಲಿಂಗ್ಟನ್, ಗ್ರ್ಯಾಂಡ್ ಪ್ರೇರಿಯವರಿಗೆ ಹತ್ತಿರ. ಸುಮಾರು 7,500 ಎಕರೆ. ಗ್ರ್ಯಾಂಡ್ ಪ್ರೇರಿ ನಗರದ ಲಿನ್ ಕ್ರೀಕ್ ಪಾರ್ಕಿನಲ್ಲಿ ಬೀಚ್ ಇದೆ, ಪಿಕ್ನಿಕ್ ಚಪ್ಪರಗಳಿವೆ. ಸಂಘದ ಪಿಕ್ನಿಕ್‌ನಂಥ ದೊಡ್ಡ ಊಟಕ್ಕೆ ಅನುಕೂಲ. ಪಕ್ಕದ ಲಾಯ್ಡ್ ಪಾರ್ಕಿನಲ್ಲಿ ಕ್ಯಾಬಿನ್ ಸಿಗುತ್ತವೆ. ಎದುರು ದಡದ ಸೀಡರ್ ಹಿಲ್ ಸ್ಟೇಟ್ ಪಾರ್ಕಿನಲ್ಲಿ ಕ್ಯಾಂಪ್ ಸೈಟುಗಳೇ ನೂರಾರು, ಜೊತೆಗೆ ಪೆನ್ ಕುಟುಂಬದ ಹಳೇ ಹೊಲಮನೆ. ಕೊಟ್ಟಿಗೆ, ಕಣಜ, ತುಕ್ಕು ಹಿಡಿದ ಉಳುಮೆ ಸಲಕರಣೆಗಳನ್ನು ಹಾಗೇ ಉಳಿಸಿದ್ದಾರೆ. ಹೊಲಗದ್ದೆ ಮಾಡಿದ ಮಾವನವರೋ ಅಜ್ಜನೋ ಜೊತೆಗಿದ್ದರೆ ನೀರಿಗಿಂತ ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತಾರೆ.

ನೀರಿಗೆ ಇಳಿಯುವ ಮೊದಲು

ಇದೊಂದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಬಹಳ ಜನಕ್ಕೆ ಈಜು ಬರುವುದಿಲ್ಲ. ಈ ಲೇಕ್‌ಗಳ ತಳದಲ್ಲಿ ಹಳೇ ಹಳ್ಳ, ನದಿ ಹರಿದ ಕೊರಕಲು ಹಾಗೇ ಇದೆ. ಸೊಂಟದವರೆಗಿನ ನೀರು ಒಂದು ಹೆಜ್ಜೆಗೆ ತಲೆ ಮುಳುಗಿಸಬಹುದು. ನೀರು ತಿಳಿಯಾಗಿಲ್ಲದ್ದರಿಂದ ಮುಳುಗಿದವರು ಕಾಣುವುದೂ ಇಲ್ಲ. ಸ್ಟೇಟ್ ಪಾರ್ಕಿನ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಟೆಕ್ಸಸ್ ಕಾನೂನಿನ ಪ್ರಕಾರ 26 ಅಡಿಗಿಂತ ಚಿಕ್ಕ ಬೋಟು ಚಲಿಸುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಲೇಬೇಕು. ಕಾನೂನು ಹೇಳದಿದ್ದರೂ ದೊಡ್ಡವರೂ ಹಾಕಿ. ಹಲವು ಕಡೆ ದಡದಲ್ಲೇ ಉಚಿತವಾಗಿ ಎರವಲು ಕೊಡುವ ಜಾಕೆಟ್‌ಗಳನ್ನು ನೇತುಹಾಕಿರುತ್ತಾರೆ. ಅಳತೆ ಸರಿ ಇದೆಯಾ ನೋಡಿ: ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದರೆ ಮಗುವಿನ ಕಿವಿ ದಾಟಬಾರದು.

ಬೋಟ್ ಓಡಿಸುವವರು 1993ರ ಸೆಪ್ಟೆಂಬರ್ 1ರಂದು ಅಥವಾ ಆಮೇಲೆ ಹುಟ್ಟಿದ್ದರೆ, 15 ಹಾರ್ಸ್‌ಪವರ್‌ಗಿಂತ ಜಾಸ್ತಿ ಇಂಜಿನ್ನಿಗೆ ಬೋಟರ್ ಎಜುಕೇಶನ್ ಸರ್ಟಿಫಿಕೇಟ್ ಬೇಕು. ಬಾಡಿಗೆಗೆ ತಗೊಳ್ಳುವವರು ಮರೀನಾದಲ್ಲಿ ಮೊದಲೇ ಕೇಳಿಕೊಳ್ಳಿ. ಕಯಾಕ್‌ನವರು ಹೊರಡುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿ, ವಾಪಸ್ ಬರುವಾಗ ಗಾಳಿ ತಳ್ಳಲಿ. ಇಲ್ಲಿನ ದಕ್ಷಿಣದ ಗಾಳಿ ಮಧ್ಯಾಹ್ನಕ್ಕೆ ಜೋರಾಗುತ್ತದೆ. ಉಲ್ಟಾ ಮಾಡಿದವರು ಸುಸ್ತಾಗಿ ಎದುರು ದಡದಲ್ಲಿ ಉಳಿಯುತ್ತಾರೆ. ಸ್ವಂತ ಬೋಟು ಇದ್ದರೆ ಒಂದು ಲೇಕ್‌ನಿಂದ ಹೊರಡುವಾಗ ಅದರೊಳಗಿನ ನೀರೆಲ್ಲ ಬಸಿಯಬೇಕು, ಇದು ಕಡ್ಡಾಯ. ಜೀಬ್ರಾ ಮಸಲ್ ಒಂದು ಲೇಕ್‌ನಿಂದ ಇನ್ನೊಂದಕ್ಕೆ ಹೋಗೋದೇ ಹಾಗೆ.

ಟೆಂಟ್ ಬಿಚ್ಚುವ ಮೊದಲು ನೆಲವನ್ನು ಒಂದು ಸುತ್ತು ನೋಡಿ. ಸಡಿಲ ಮಣ್ಣಿನ ಚಿಕ್ಕ ಗುಡ್ಡೆ ಕಂಡರೆ ಅದು ಬೆಂಕಿ ಇರುವೆಯ ಗೂಡು. ಉದ್ದ ಹುಲ್ಲಿನಲ್ಲಿ ಕೂರಬೇಡಿ, ಚಿಗರ್ ಅನ್ನೋ ಸಣ್ಣ ಹುಳ ಕಚ್ಚಿದರೆ ದಿನಗಟ್ಟಲೆ ಕೆರೆತ. ರಾತ್ರಿ ಮೊಸರನ್ನದ ಡಬ್ಬಿ ಹೊರಗಿಡಬೇಡಿ. ರಕೂನ್‌ಗಳು ಕೂಲರ್ ಮುಚ್ಚಳ ತೆಗೆಯುವುದರಲ್ಲಿ ನಿಪುಣ, ಎಲ್ಲ ಕಾರಿನಲ್ಲಿಟ್ಟು ಮಲಗಿ. ಬೇಸಿಗೆಯಲ್ಲಿ ಕೌಂಟಿಯವರು ಬೆಂಕಿ ಹಾಕೋದನ್ನು ನಿಷೇಧಿಸಿರಬಹುದು. ಅದನ್ನೂ ನೋಡಿ, ಇಲ್ಲದಿದ್ದರೆ ಸೌದೆ ಕೊಂಡಿದ್ದು ದಂಡ.

ಯಾವ ತಿಂಗಳು ಅಂದರೆ ನನ್ನ ಮತ ಅಕ್ಟೋಬರ್‌ಗೆ. ಸಾಮಾನ್ಯವಾಗಿ ಪ್ರವಾಹದ ನೀರು ಇಳಿದಿರುತ್ತದೆ, ಸೆಕೆ ಕಡಿಮೆ, ದಸರಾ ರಜೆಗೆ ಊರಿಗೆ ಹೋಗಲಾಗದ ಮಕ್ಕಳಿಗೂ ಒಂದು ಹೊರಗಿನ ಓಡಾಟ. ಆದರೆ ಎಲ್ಲರಿಗೂ ಅದೇ ತಿಂಗಳು ಬೇಕು. ಕೋರ್ ಪಾರ್ಕುಗಳ ಬುಕಿಂಗ್ ಆರು ತಿಂಗಳ ಮೊದಲು, ಸ್ಟೇಟ್ ಪಾರ್ಕುಗಳದ್ದು ಐದು ತಿಂಗಳ ಮೊದಲು ತೆರೆಯುತ್ತದೆ. ಅಂದರೆ ಐಲ್ ಡು ಬಾಯ್ಸ್‌ನಲ್ಲಿ ಅಕ್ಟೋಬರ್‌ನ ಶನಿವಾರ ಬೇಕಿದ್ದರೆ ಮೇ ತಿಂಗಳಲ್ಲೇ ಕೂತು ಹಿಡಿಯಬೇಕು. ತಪ್ಪಿದರೆ ಭಾನುವಾರ ರಾತ್ರಿಯ ಸೈಟ್ ನೋಡಿ. ಸೋಮವಾರ ಒಂದು ದಿನ ರಜೆ ಹಾಕಿದರೆ ಸಾಕು, ಸೈಟ್ ಸಿಗುವುದೂ ಸುಲಭ.